ಹೆಸರಿನ ಜಾಗದಲ್ಲಿ ಮಗ್ಗದ ಸದ್ದು

ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೋ ಎಂದು ನನ್ನ ಕಂಪ್ಯೂಟರು ಎಷ್ಟೋ ತಿಂಗಳಿಂದ ಜೀವ ತಿನ್ನುತ್ತಿತ್ತು. ಪರದೆಯ ಮೂಲೆಯಲ್ಲಿ ಚೀಟಿ ಬರುವುದು, ನಾನು ‘ಆಮೇಲೆ’ ಎಂದು ಒತ್ತುವುದು, ಮರುದಿನ ಮತ್ತೆ ಬರುವುದು. ಕೊನೆಗೆ ಹೆಂಡತಿಗೇ ಅದರ ಮೇಲೆ ಕನಿಕರ ಹುಟ್ಟಿತು. “ಪಾಪ, ದಿನಾ ಬಂದ ಕೇಳತೈತಿ. ಒಮ್ಮೆ ಹೂಂ ಅಂದ ಬಿಡ್ರಲ್ಲ,” ಎಂದಳು. ಅಂದೆ. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಬನಹಟ್ಟಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ. ಭಜನೆ, ಸೋಬಾನೆ ಪದ, ಮದುವೆ ವಿಡಿಯೋದ ಧ್ವನಿ, ಯಾರು ಏನು ತಂದರೂ ಮಾಡಿಕೊಡುತ್ತೇನೆ. ಆದರೆ ಓಣಿ ತುಂಬ ಪಾವರ್‌ಲೂಮು. ಗೋಡೆಗೆ ಎಷ್ಟು ಗಾದಿ ಬಡಿದರೂ ಮಗ್ಗದ ಸದ್ದು ಮೈಕಿನೊಳಗೆ ಬಂದೇ ಬರುತ್ತದೆ. ಅದನ್ನು ತೆಗೆಯುವುದಕ್ಕೆ ನನ್ನ ಬಳಿ ಒಂದು ಹಳೆಯ ಪ್ಲಗಿನ್ ಇತ್ತು. ದೊಡ್ಡ ಸಾಫ್ಟ್‌ವೇರಿನೊಳಗೆ ಕೂತು ಒಂದೇ ಕೆಲಸ ಮಾಡುವ ಚಿಕ್ಕ ಸಾಫ್ಟ್‌ವೇರು ಅದು. ನಮ್ಮ ಓಣಿಯ ಮಗ್ಗಗಳಿಗೆ ಹೊಂದುವಂತೆ ಅದನ್ನು ತಿದ್ದಿ ತಿದ್ದಿ ಪಳಗಿಸಿದ್ದೆ. ಅಪ್‌ಗ್ರೇಡ್ ಆದ ಮೇಲೆ ಅದು ತೆರೆಯಲೇ ಇಲ್ಲ. ಅದಿದ್ದ ಜಾಗದಲ್ಲಿ ‘ಸಿಗುತ್ತಿಲ್ಲ’ ಎಂದೊಂದು ಬೂದು ಪಟ್ಟಿ ಮಾತ್ರ.

ಹೋಗಲಿ ಅತ್ಲಾಗೆ ಎಂದು ಕೈಬಿಡುವವನೇ ಇದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಬಂದಳು. ರಕ್ತಸಂಬಂಧವಲ್ಲ, ಚಿಕ್ಕಂದಿನಿಂದ ಅವಳನ್ನು ಕಾಕು, ಅವಳ ಗಂಡನನ್ನು ಕಾಕಾ ಎಂದು ಕರೆದು ರೂಢಿ. ಕಾಕಾ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

“ತಮ್ಮಾ, ಮೊಮ್ಮಗಳ ತೊಟ್ಟಿಲದಾಗ ನಾ ಹೆಸರ ಹೇಳಿದ್ನಲ್ಲ, ಅದ ಐತೇನೋ?”

ನಮ್ಮಲ್ಲಿ ಹಳೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ತೊಟ್ಟಿಲಂಥ ಕಾರ್ಯಗಳಲ್ಲಿ ಮಾತ್ರ, ನಾಕು ಮಂದಿ ಕಾಡಿದ ಮೇಲೆ, ಪ್ರಾಸ ಕಟ್ಟಿದ ಒಡಪಿನೊಳಗೆ ಇಟ್ಟು ಹೇಳುತ್ತಾರೆ. ಗಂಡ ಹೋದ ಮೇಲೆ ಅದೂ ಇಲ್ಲ. ಕಾಕು ತನ್ನ ಮದುವೆಯಲ್ಲಿ ನಾಚಿಕೊಂಡು ಅತ್ತೇಬಿಟ್ಟಿದ್ದಳಂತೆ, ಹೇಳಿರಲಿಲ್ಲ. ಜೀವಮಾನದಲ್ಲಿ ಹೇಳಿದ್ದು ಆ ತೊಟ್ಟಿಲಿನ ದಿನ ಒಂದೇ ಸಲ. ಅಂದು ಅಲ್ಲಿ ಮೈಕು ಹಿಡಿದು ಕೂತವನು ನಾನು. ಮುಂದೆ ಅದನ್ನು ನನ್ನ ಕೋಣೆಯಲ್ಲಿ, ಆ ಪ್ಲಗಿನ್ನಿನಿಂದ ಮಗ್ಗ ತೆಗೆದು, ಇಬ್ಬರಿಗೂ ಕೇಳಿಸಿದ್ದೆ. ಕಾಕಾ ಮೀಸೆಯಲ್ಲೇ ನಗುತ್ತ, “ಇನ್ನೊಮ್ಮೆ ಹಚ್ಚೋ,” ಎಂದಿದ್ದ. ಹಾಡುಗಳನ್ನೆಲ್ಲ ಸೇರಿಸಿ ಒಂದೇ ಸಲ ಕೊಡೋಣ ಎಂದು, ಮಗ್ಗ ತೆಗೆದದ್ದನ್ನು ಬೇರೆ ಫೈಲು ಮಾಡಿ ಇಟ್ಟಿರಲಿಲ್ಲ. ಅಷ್ಟರೊಳಗೆ ಕಾಕಾ ಹೋದ, ಕೆಲಸ ಅಲ್ಲಿಗೇ ನಿಂತಿತು.

“ಐತಿ ಕಾಕು, ತೆಗದ ಕೊಡ್ತೀನಿ,” ಎಂದೆ.

ಪ್ಲಗಿನ್ ಇಲ್ಲದೆ ಹಚ್ಚಿದರೆ ಬರೀ ಮಗ್ಗ. ಕಾಕು ಮೊದಲೇ ಮೆಲುದನಿಯವಳು. ‘ಮುಧೋಳ ಸಂತ್ಯಾಗ ಬಳಿ ಇಟ್ಟೆ, ರಬಕವಿ ಸೀರಿ ಉಟ್ಟೆ’ ಎನ್ನುವವರೆಗೆ ಹೇಗೋ ತಿಳಿಯುತ್ತದೆ. ಹೆಸರಿನ ಹತ್ತಿರ ಬಂದಾಗ ನಾಚಿಕೆಗೆ ದನಿ ಇಳಿಸಿಬಿಟ್ಟಿದ್ದಾಳೆ, ಮಗ್ಗ ನುಂಗಿ ಹಾಕಿದೆ.

ಕಂಪ್ಯೂಟರನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಜಮಖಂಡಿಯ ರಿಪೇರಿಯವನ ಬಳಿ ಹೋದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾಲು ಜೋಮು ಹಿಡಿಯಿತು. ಅವನು ನೋಡಿ ತಲೆ ಅಲ್ಲಾಡಿಸಿದ. “ಹೊಸಾದು ಹಳೇದನ್ನ ಗುರ್ತಾನ ಹಿಡಿಯಂಗಿಲ್ರಿ.” ಹಳೆಯದನ್ನೇ ವಾಪಸ್ ಹಾಕು ಮಾರಾಯ ಎಂದರೆ ಹಾಕಿದ. ಆಗ ಪ್ಲಗಿನ್ನು, ನಾನು ನಿಮ್ಮದೇ ಹೌದೋ ಅಲ್ಲವೋ, ಕಂಪನಿಯನ್ನು ಕೇಳುತ್ತೇನೆ ಎಂದಿತು. ಕೇಳಲಿಕ್ಕೆ ಕಂಪನಿಯೇ ಇಲ್ಲ. ಎಲ್ಲೋ ದೂರದೇಶದ ಸಣ್ಣ ಕಂಪನಿ, ಬಾಗಿಲು ಹಾಕಿಕೊಂಡಿದೆ. ಮೇಲ್ ಕಳಿಸಿದರೆ ಮುಟ್ಟದೆ ಹಿಂದಕ್ಕೆ ಬಂತು. ನನಗೆ ಸಾಕುಸಾಕಾಗಿ ಹೋಯಿತು. ಈ ವಯಸ್ಸಿನಲ್ಲಿ ಇದೆಲ್ಲ ಯಾರಿಗೆ ಬೇಕು?

ಮನೆಗೆ ಬಂದು ಹೊಸ ಪ್ಲಗಿನ್ನುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಒಂದು ಬಲು ಶಾಣ್ಯಾ. ಮಗ್ಗದ ಸದ್ದನ್ನು ಗುಡಿಸಿ ಹಾಕಿದ ಹಾಗೆ ತೆಗೆಯಿತು. ಜೊತೆಗೆ ಕಾಕುವಿನ ಇಳಿದ ದನಿಯನ್ನೂ ಸದ್ದೆಂದೇ ತಿಳಿದು ತೆಗೆಯಿತು. ಏನು ತಿರುಗಿಸಿದರೂ ಅಷ್ಟೇ, ಹೆಸರು ಉಳಿಸಿದರೆ ಮಗ್ಗವೂ ಉಳಿಯುತ್ತದೆ, ಮಗ್ಗ ಹೋದರೆ ಹೆಸರೂ ಹೋಗುತ್ತದೆ. ತಲೆ ಚಿಟ್ಟು ಹಿಡಿಯಿತು.

ಕಾಕಾನ ವರ್ಷದ ಕಾರ್ಯ ಹತ್ತಿರ ಬಂದಾಗ ಕಾಕು ಮತ್ತೆ ಬಂದಳು. ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ಸ್ವಚ್ಛ ಮಾಡಿದ್ದನ್ನೇ ಹಚ್ಚಿದೆ. ‘ಇಷ್ಟ ಮಂದಿ ಕೇಳಿದ್ರಂತ’ ಎಂದಾದ ಮೇಲೆ ಏನೂ ಇಲ್ಲ. ಆಮೇಲೆ, ‘ಹೆಸರ ಹೇಳಿಬಿಟ್ಟೆ.’ ಹಿಂದೆಯೇ ಹೆಂಗಸರ ನಗು.

“ಎಲ್ಲಿ ಹೇಳೇನಿ? ಹೇಳೇ ಇಲ್ಲಲ್ಲೋ,” ಎಂದಳು. ಅವಳ ಮುಖ ನೋಡಲಾಗಲಿಲ್ಲ.

ದಣಿದವನಿಗೆ ಬುದ್ಧಿ ಎಲ್ಲಿರುತ್ತದೆ? ಹಾಡುವವರು ಒಂದು ಸಾಲು ತಪ್ಪಿದರೆ ಅಷ್ಟನ್ನೇ ಮತ್ತೆ ಹಾಡಿಸಿ ಕೂಡಿಸುವುದು ನನ್ನ ದಿನನಿತ್ಯದ ಕೆಲಸ. ಅದೇ ರೂಢಿಯಲ್ಲಿ ಬಾಯಿ ಜಾರಿತು. “ಅದೊಂದ ಶಬ್ದ ಈಗ ಹೇಳು ಕಾಕು. ಅಲ್ಲಿ ಕೂಡಸ್ತೀನಿ.”

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಹೆಂಡತಿ, “ಏನಂತ ಮಾತಾಡಾಕತ್ತೀರಿ?” ಎಂದು ಗದರಿದಳು. ಆಗ ನನಗೆ ಹೊಳೆಯಿತು. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಕಾಕು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

“ಚಾಲೂ ಮಾಡು,” ಎಂದಳು.

ಮಾಡಿದೆ. ಒಡಪು ಹೇಳಲಿಲ್ಲ, ದನಿ ಇಳಿಸಲಿಲ್ಲ, ಹೆಸರಿನ ಮುಂದೆ ಅಪ್ಪ, ರಾಯ ಏನೂ ಹಚ್ಚಲಿಲ್ಲ. ಒಳಗಿನ ಕೋಣೆಯಲ್ಲಿ ಇರುವವರನ್ನು ಊಟಕ್ಕೆ ಕರೆದ ಹಾಗೆ ಕಾಕಾನ ಹೆಸರು ಹಿಡಿದು ಕರೆದಳು. ಕರೆದು, ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೂತಳು. ‘ಓ’ ಎನ್ನುವವರು ಯಾರೂ ಇರಲಿಲ್ಲ. ನನಗೆ ರೆಕಾರ್ಡಿಂಗ್ ನಿಲ್ಲಿಸಲು ಕೈ ಬರಲಿಲ್ಲ.