ಕೆಂಚಕ್ಕನ ಅಂಟು

ಚಳ್ಳಕೆರೆಯಲ್ಲಿ ಕಂಬಳಿಗೆ ಗಂಜಿ ಹಾಕಲು ಹುಣಸೆಬೀಜ ಬೇಕು. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು ಕುದಿಸಿದರೆ ಬರುವ ಅಂಟು ಗೋಧಿಹಿಟ್ಟಿನ ಅಂಟಿಗಿಂತ ಗಟ್ಟಿ. ಕುರುಬರ ಓಣಿಯಲ್ಲಿ ಅದನ್ನು ಹದವಾಗಿ ಕಾಯಿಸುತ್ತಿದ್ದವಳು ಕೆಂಚಕ್ಕ. ೧೯೦೫ರ ಸುಮಾರಿಗೆ, ಸರ್ಕಸ್ ಕಂಪನಿಯ ಬಣ್ಣದ ಚಿತ್ರಗಳನ್ನು ಊರೂರಿನ ಗೋಡೆಗೆ ಹಚ್ಚುವ ಮುರುಗೇಂದ್ರಪ್ಪ ಆ ಅಂಟಿಗಾಗಿಯೇ ಅವಳ ಮನೆಗೆ ಬಂದ.

ಅವನು ಸುರುಳಿ ಬಿಚ್ಚಿ ತೋರಿಸಿದ ಹಾಳೆಯಲ್ಲಿ ಕೆಂಪು ಅಂಗಿಯ ಯುವಕನೊಬ್ಬ ಸಿಂಹದ ಕೊರಳು ತಬ್ಬಿ ನಿಂತಿದ್ದ. ಎಡಗಿವಿಯಲ್ಲಿ ಕುರಿಗಾಹಿಗಳು ಹಾಕುವ ಬೆಳ್ಳಿಯ ಮುರುವು. ಕೆಂಚಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಅದು ಅವಳ ಮಗ ಚಿಕ್ಕೀರಪ್ಪ; ಬಳ್ಳಾರಿಗೆ ಕುರಿ ಹೊಡೆದುಕೊಂಡು ಹೋದವನು ಅಲ್ಲೇ ಸರ್ಕಸ್ ಸೇರಿದ್ದ. ಒಂದು ಹಾಳೆಯನ್ನು ಮನೆಯೆದುರಿನ ಗೋಡೆಗೆ ಎತ್ತರದಲ್ಲಿ ಹಚ್ಚಿಸಿಕೊಂಡಳು. ಅಂಟಿನ ರುಚಿಗೆ ಬರುವ ಮೇಕೆಗಳನ್ನು ಕೋಲು ಹಿಡಿದು ಅಟ್ಟುತ್ತಿದ್ದಳು.

ಮುರುಗೇಂದ್ರಪ್ಪ ಪ್ರತಿ ವರ್ಷ ಬಂದ. ಮಗ ಹೇಗಿದ್ದಾನೆ ಎಂದು ಕೇಳಿದರೆ ಹೊಸ ಹಾಳೆ ಬಿಚ್ಚಿ ತೋರಿಸುತ್ತಿದ್ದ.

“ನೀನೇ ನೋಡವ್ವ, ಹೆಂಗವ್ನೆ.”

“ಹೋದ ವರ್ಸದಂಗೇ ಅವ್ನೆ. ಮೈಮ್ಯಾಲೆ ಒಂದಿಷ್ಟೂ ಖಂಡ ಬಂದಿಲ್ಲ. ಕೂಳೆಲ್ಲ ಸಿಂಹಕ್ಕೇ ಹಾಕ್ತೀರೇನಪ್ಪ?”

ಎರಡನೆಯ ವರ್ಷ ಅವನು ಈ ಮಾತಿಗೆ ನಕ್ಕಿದ್ದ. ಮೂರನೆಯ ವರ್ಷ ನಗದೆ ಹಾಳೆ ಸುತ್ತಿಟ್ಟ.

ಒಂದೊಂದೇ ಕಂಬಳಿ ನೇಯುವುದನ್ನು ಕಂಡವಳಿಗೆ ಚಿತ್ರವೂ ಹಾಗೆಯೇ, ಆಳನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೊಂದಾಗಿ ಬರೆದದ್ದು. ಹೊಸ ಹಾಳೆ ಬಂತೆಂದರೆ ಮಗ ಬದುಕಿದ್ದಾನೆ. ಆದರೆ ಆ ಚಿತ್ರವನ್ನು ಬಣ್ಣಕ್ಕೊಂದರಂತೆ ಅಚ್ಚಿನ ಕಲ್ಲುಗಳ ಮೇಲೆ ಬರೆದು, ಮುಂಬಯಿಯ ಅಚ್ಚುಕೂಟದಲ್ಲಿ ಒಂದೇ ಸಲಕ್ಕೆ ಸಾವಿರಾರು ಹಾಳೆ ಅಚ್ಚು ಹಾಕಿಸಿದ್ದರು.

ಆ ಮೂರನೆಯ ವರ್ಷವೇ ಸರ್ಕಸ್ಸಿನ ಡೇರೆ ಚಳ್ಳಕೆರೆಗೆ ಬಂತು. ಮಗನಿಗೆಂದು ತೆಗೆದಿಟ್ಟಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಕೆಂಚಕ್ಕ ಮುಂದೆ ಹೋಗಿ ಕುಳಿತಳು. ಸಿಂಹದೊಡನೆ ಬಂದವನ ಮೈಮೇಲೆ ಅದೇ ಕೆಂಪು ಅಂಗಿ ಇತ್ತು. ಕಿವಿ ಬರಿದಾಗಿತ್ತು, ಮುಖ ಬೇರೆಯವನದು. ಇನ್ನೊಬ್ಬ ಬಂದಾನೆಂದು ಆಟ ಮುಗಿಯುವವರೆಗೂ ಕಾದಳು. ಆಮೇಲೆ ಮುರುಗೇಂದ್ರಪ್ಪನನ್ನು ಹುಡುಕಿ ಕೇಳಿದಳು. ಚಿಕ್ಕೀರಪ್ಪ ಹೋದ ವರ್ಷ ಪುಣೆಯಲ್ಲಿ ಪ್ಲೇಗು ತಗುಲಿ ಸತ್ತನೆಂದು ಅವನು ತಲೆ ತಗ್ಗಿಸಿಕೊಂಡು ಹೇಳಿದ.

“ಮತ್ತೆ ಮೊನ್ನೆ ಚಿತ್ರ ತಂದಿದ್ಯಲ್ಲಪ್ಪ?”

“ಹಳೇವು ಉಳಿದವೆ ಅವ್ವ. ಮುಗಿಯೋಗಂಟ ಹಚ್ಚು ಅಂತಾರೆ ಸಾವ್ಕಾರ್ರು.”

“ಇನ್ನೆಷ್ಟವೆ?”

“ಒಂದು ಪೆಟ್ಟಿಗೆ.”

ಮರುದಿನ ಮೇಕೆಗಳು ಬಂದಾಗ ಕೆಂಚಕ್ಕ ಕೋಲು ಮುಟ್ಟಲಿಲ್ಲ. ಅವು ಹಿಂಗಾಲ ಮೇಲೆ ನಿಂತು ಸಿಂಹವನ್ನೂ ಕೆಂಪು ಅಂಗಿಯನ್ನೂ ಕಿತ್ತು ತಿಂದವು. ಮುಖ ಅವಕ್ಕೆ ನಿಲುಕಲಿಲ್ಲ. ಅವಳೇ ಒರಳಿನ ಮೇಲೆ ಹತ್ತಿ ಉಗುರಿನಿಂದ ಕೆರೆದಳು. ಅಂಟು ಅವಳದೇ, ಬಿಡಲಿಲ್ಲ. ಎರಡು ಮಳೆಗಾಲ ಕಳೆದ ಮೇಲೂ ಗೋಡೆಯ ಮೇಲೆ ಒಂದು ಕಿವಿ, ಅದರ ಮುರುವು ಉಳಿದಿದ್ದವು. ಅಷ್ಟರಲ್ಲಿ ಅವಳು ಮನೆಮುಂದಿದ್ದ ಅರೆಯುವ ಕಲ್ಲನ್ನು ಆ ಗೋಡೆ ಕಾಣದ ಹಿತ್ತಿಲಿಗೆ ಸಾಗಿಸಿಕೊಂಡಿದ್ದಳು.