ತೇವಾರಂನ ದಿಂಬಿನಂಗಡಿ ಜೆಯಂತಿ

ತಮಿಳುನಾಡಿನ ತೇವಾರಂನಿಂದ ಬೋಡಿಗೆ ಹೋಗುವ ರಸ್ತೆಯಲ್ಲಿ, ಟ್ರ್ಯಾಕ್ಟರ್ ರಿಪೇರಿಯವರ ಪಕ್ಕದ ಅಂಗಡಿ ಮುಂದೆ ಬೇಸಿಗೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಕಣ್ಣಿನ ರೆಪ್ಪೆಗೂ ಹತ್ತಿ ಅಂಟುತ್ತದೆ. ಬೂರುಗದ ಮರದ ಹತ್ತಿ ಅದು; ಗಾಳಿ ಬೇಡ, ಯಾರಾದರೂ ಉಸಿರು ಬಿಟ್ಟರೂ ಸಾಕು, ಎದ್ದು ಹಾರುತ್ತದೆ. ಜೆಯಂತಿ ಆ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ಸೀನಿ ಸೀನಿ ಅತ್ತಿದ್ದಳು. ಈಗ ಅವಳಿಗೆ ನಲವತ್ತು ದಾಟಿದೆ. ಕೂದಲಲ್ಲಿ ಹತ್ತಿ ಇದ್ದರೂ ಕೊಡವಿಕೊಳ್ಳುವುದಿಲ್ಲ.

ಅಂಗಡಿ ಅವಳ ಮಾವ ಅಯ್ಯಾವು ಅವರದು. ಕಾಯಿ ಒಡೆದು, ಬೀಜ ಬಿಡಿಸಿ, ಪಟ್ಟೆ ಬಟ್ಟೆಯ ಚೀಲಕ್ಕೆ ಹತ್ತಿ ತುಂಬಿ ದಿಂಬು, ಹಾಸಿಗೆ ಹೊಲಿಯುವುದು ಅವರ ಕಸುಬು. ಊರಲ್ಲಿ ಮದುವೆಯೆಂದರೆ ಹೆಣ್ಣಿನ ಕಡೆಯವರು ಮೊದಲು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಫೋಮ್ ಹಾಸಿಗೆಗಳು ಬಂದವು. ಅದಾದ ಮೇಲೆ ಅವರ ಹೆಂಡತಿ ತೀರಿಕೊಂಡರು. ಅಯ್ಯಾವು ಬೆಳಿಗ್ಗೆ ಬಂದು ಅಂಗಡಿಯ ಬಾಗಿಲು ತೆರೆದು, ಮಡಿಲಲ್ಲಿ ಕೈಯಿಟ್ಟು ಕೂತರೆ ಸಂಜೆಯವರೆಗೂ ಮಾತಿಲ್ಲ.

ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಗಂಡ ಜೆಯಕುಮಾರ್ ಹಾಲಿನ ವ್ಯಾನ್ ಓಡಿಸುತ್ತಿದ್ದ, ಸ್ವಲ್ಪ ದ್ರಾಕ್ಷಿ ತೋಟವೂ ಇತ್ತು. ಜೆಯಂತಿಗೆ ನೋಡಲಾಗದಿದ್ದುದು ಆ ಸುಮ್ಮನಿದ್ದ ಕೈಗಳನ್ನು. ಮಾವನಿಗೆ ಮತ್ತೆ ಕೆಲಸ ಬರಬೇಕು, ಅಷ್ಟೇ ಅವಳ ಆಸೆ.

ಒಂದು ದಿನ ಬೈಕಿನಲ್ಲಿ ಒಬ್ಬ ಬಂದು, ಗೂಗಲ್‌ನಲ್ಲಿ ನಿಮ್ಮ ಅಂಗಡಿಯೇ ಮೊದಲು ಬರುವ ಹಾಗೆ ಮಾಡಿಕೊಡುತ್ತೇನೆ ಎಂದ. ಜೆಯಂತಿ ನಂಬಿದಳು. ಅವನು ಒಂದು ವೆಬ್‌ಸೈಟ್ ಮಾಡಿದ. ಜನ ಜಾಸ್ತಿ ಹುಡುಕುವ ಮಾತುಗಳೆಂದು ಎಲ್ಲೆಲ್ಲಿಯದನ್ನೋ ತಂದು ಅದರೊಳಗೆ ತುರುಕಿದ. ಅದರಲ್ಲಿ ಕೊಡೈಕಾನಲ್ ರೂಮ್ ಎಂಬುದೂ ಒಂದು. ಅವನು ಮತ್ತೆ ಕಾಣಿಸಿಕೊಳ್ಳಲಿಲ್ಲ. ರೂಮ್ ಕೇಳಿ ಫೋನ್ ಮಾತ್ರ ಬರತೊಡಗಿತು.

ಹೊಸದಾಗಿ ಮದುವೆಯಾದ ಹುಡುಗನೊಬ್ಬ ಕರೆ ಮಾಡಿದಾಗ ಜೆಯಂತಿ ಒಳಗಿದ್ದಳು. ಫೋನ್ ಎತ್ತಿದವರು ಅಯ್ಯಾವು.

"ರೂಮ್ ಕೇಳ್ತಿದೀಯಾ? ರೂಮ್ ಇಲ್ಲಪ್ಪಾ. ದಿಂಬದೆ. ಬೇಕಾ?"

ಜೆಯಂತಿ ನಕ್ಕುಬಿಟ್ಟಳು. ಆಮೇಲೆ, ಮಾವನ ದನಿ ಕೇಳಿ ಎಷ್ಟು ದಿನವಾಗಿತ್ತೆಂಬುದು ನೆನಪಾಗಿ ನಗು ನಿಂತಿತು.

ಆ ತಿಂಗಳು ತೇನಿಯಲ್ಲಿ ಸಣ್ಣ ಅಂಗಡಿಯ ಹೆಂಗಸರಿಗೆಂದು ಒಂದು ತರಬೇತಿ ನಡೆಯಿತು. ಪಾಠ ಹೇಳಲು ದಿಂಡಿಗಲ್‌ನಿಂದ ಇಂದುಜಾ ಎಂಬ ಹುಡುಗಿ ಬಂದಿದ್ದಳು. ಜೆಯಂತಿಯ ಮನೆಯವರ ಹಾಗೆ ಅವಳ ಮನೆಮಾತೂ ಕನ್ನಡವೇ. ಕೇಳಿದರೆ ಎಲ್ಲ ತಿಳಿಯುತ್ತದೆ, ಆಡಲು ಹೋದರೆ ಅರ್ಧ ತಮಿಳು. ಜೆಯಂತಿ ರೂಮಿನ ಕತೆ ಹೇಳಿದಾಗ ಅವಳು ನಗಲಿಲ್ಲ. ಮೊದಲು ಆ ಸುಳ್ಳು ಮಾತುಗಳನ್ನೆಲ್ಲ ಅಳಿಸಿದಳು. ಮ್ಯಾಪ್‌ನಲ್ಲಿ ಅಂಗಡಿಯ ಗುರುತು ಬಸ್‌ಸ್ಟ್ಯಾಂಡಿನ ಹಿಂದಿತ್ತು. ಅದನ್ನು ತಂದು ಬೋಡಿ ರಸ್ತೆಗೆ ಇಟ್ಟಳು. ಒಂದೊಂದು ಕಡೆ ಒಂದೊಂದು ಹೆಸರು, ಒಂದೊಂದು ನಂಬರ್ ಇದ್ದರೆ ಹುಡುಕುವವರಿಗೂ ಗೊಂದಲ, ಗೂಗಲ್‌ಗೂ ಗೊಂದಲ ಎಂದು ಎಲ್ಲ ಕಡೆ ಒಂದೇ ಮಾಡಿಸಿದಳು. ಅಲ್ಲಿದ್ದ ಯಾರದೋ ಅಂಗಡಿಯ ಫೋಟೋ ಅಳಿಸಿ ಇವರ ಅಂಗಡಿಯದೇ ಫೋಟೋ ಹಾಕಿಸಿದಳು.

ಆಮೇಲೆ ಕೇಳಿದಳು: "ಅಕ್ಕಾ, ಕಡೈಗೆ, ಅಂಗಡಿಗೆ ಬರೋರು ಬಾಗಿಲಲ್ಲಿ ನಿಂತು ಮೊದಲು ಏನ್ ಕೇಳ್ತಾರೆ?"

"ತಲಗಾಣಿ ಇದೆಯಾ ಅಂತಾರೆ." ತಮಿಳಿನಲ್ಲಿ ದಿಂಬಿಗೆ ಆ ಹೆಸರು.

"ಎಲ್ಲಾರೂ ಅಷ್ಟೇ ಕೇಳ್ತಾರಾ?"

"ಅದು ಮಾವನಿಗೇ ಗೊತ್ತು" ಎಂದಳು ಜೆಯಂತಿ.

"ಬಾಗಿಲಲ್ಲಿ ಕೇಳೋ ಮಾತನ್ನೇ ಫೋನಲ್ಲೂ ಬರೀತಾರೆ ಅಕ್ಕಾ. ಆ ಮಾತು ನಿಮ್ಮ ಪೇಜಲ್ಲಿ ಇರ್ಬೇಕು, ಅದಕ್ಕೆ ನಿಜವಾದ ಪದಿಲ್, ಉತ್ತರ, ಅದೂ ಇರ್ಬೇಕು. ಆಗ್ಲೇ ಅವರಿಗೆ ನಿಮ್ಮ ದಾರಿ ಸಿಕ್ಕೋದು. ನಾಳೇನೇ ಆಗಲ್ಲ. ತಿಂಗಳುಗಟ್ಲೆ ಕಾಯ್ಬೇಕು."

ಮಾರನೆಯ ದಿನ ಜೆಯಂತಿ ಮಾವನ ಎದುರು ನೆಲದ ಮೇಲೆ ಕೂತಳು. "ಮಾವ, ನಿಮ್ಮ ಹತ್ರ ಬಂದೋರೆಲ್ಲಾ ಏನೇನ್ ಕೇಳ್ತಿದ್ರು?"

ಅಯ್ಯಾವು ಕೈಗೆ ಸಿಕ್ಕ ಹತ್ತಿಯನ್ನು ಬೆರಳಲ್ಲಿ ಬಿಡಿಸುತ್ತಿದ್ದರು. ಆಮೇಲೆ, "ಒಂದೊಂದು ತಲೆಗೂ ಒಂದೊಂದು ಕೇಳ್ವಿ" ಎಂದರು. ಎಳೆಗೂಸಿನ ತಲೆಗೆ ಎಷ್ಟು ಮೆತ್ತಗಿರಬೇಕು ಎಂದು ಬಾಣಂತಿಯ ತಾಯಿ ಕೇಳುತ್ತಿದ್ದಳಂತೆ. ಕತ್ತು ಹಿಡಿದುಕೊಂಡ ಲಾರಿ ಡ್ರೈವರ್, ಮೈ ಸುಡುತ್ತದೆ ಎನ್ನುವ ಬಸುರಿ, ಹಾಸಿಗೆ ಹಿಡಿದ ಅಪ್ಪನಿಗೆಂದು ಆಂಡಿಪಟ್ಟಿಯಿಂದ ಬಂದಿದ್ದ ಮಗ. ಆ ಮಗ ಯಾವ ಮರದ ಕೆಳಗೆ ಸೈಕಲ್ ನಿಲ್ಲಿಸಿದ್ದನೆಂಬುದೂ ಅವರಿಗೆ ನೆನಪಿತ್ತು. ಅಂದು ಊಟಕ್ಕೆ ಕರೆಯಲು ಬಂದ ಜೆಯಕುಮಾರ್ ಅಪ್ಪ ಮಾತಾಡುತ್ತಿರುವುದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟ.

ಜೆಯಂತಿ ಒಂದೊಂದನ್ನೇ ತಮಿಳಿನಲ್ಲಿ ಪೇಜಿಗೆ ಬರೆದಳು. ದಿಂಬನ್ನು ಒಗೆಯಬಹುದೇ? ಬೇಡ, ಬಿಸಿಲಿಗೆ ಇಡಿ, ತಾನೇ ಉಬ್ಬುತ್ತದೆ. ಕತ್ತಿನ ನೋವಿನ ವಿಷಯಕ್ಕೆ ಬಂದಾಗ ಅಯ್ಯಾವು ತಡೆದರು.

"ನೋವು ಓಗುತ್ತೆ ಅಂತ ಬರೀಬ್ಯಾಡ ತಾಯಿ. ನಾನೇನ್ ಡಾಕ್ಟ್ರಾ? ಎತ್ತರ ಸರಿ ಇದ್ರೆ ನಿದ್ದೆ ಬರುತ್ತೆ. ಅಷ್ಟು ಬರಿ."

ಹಾಗೆಯೇ ಬರೆದಳು. "ನಮ್ಮೋರೆಲ್ಲಾ ಬೂರ್ಗದ ದಿಂಬು ಅಂತ್ಲೇ ಕೇಳೋರು, ಅದನ್ನೂ ಆಕು" ಎಂದರು ಅಯ್ಯಾವು. ಈ ಕಾಲದಲ್ಲಿ ಯಾರು ಹಾಗೆ ಹುಡುಕುತ್ತಾರೆ ಎಂದು ಜೆಯಂತಿಗೆ ಅನಿಸಿತು. ಆದರೂ ಅವರ ಮನಸ್ಸು ನೋಯಿಸಬಾರದೆಂದು ತಮಿಳಕ್ಷರದಲ್ಲೇ ಆ ಕನ್ನಡ ಮಾತನ್ನೂ ಹಾಕಿದಳು.

ಮಳೆಗಾಲದವರೆಗೂ ಹೆಚ್ಚೇನೂ ಆಗಲಿಲ್ಲ. ಎಳೆಗೂಸಿನ ದಿಂಬಿಗೆಂದು ಆಗೊಂದು ಈಗೊಂದು ಕರೆ ಬಂತು. ದಿಂಬು ಎಂದು ಹುಡುಕಿದರೆ ದೊಡ್ಡ ಕಂಪನಿಗಳೇ ಮುಂದೆ ಬರುತ್ತಿದ್ದವು. ತೇವಾರಂನ ಅಂಗಡಿ ಎಲ್ಲೋ ಕೆಳಗೆ. ಜೆಯಂತಿ ಬೇಸರಪಡದೆ ಪೇಜಿನಲ್ಲಿ ಕೇಳಿದವರಿಗೆಲ್ಲ ಉತ್ತರ ಬರೆಯುತ್ತಿದ್ದಳು.

ಒಂದು ಮಧ್ಯಾಹ್ನ ದಿಂಡಿಗಲ್‌ನಿಂದ ತೇನ್‌ಮೊಳಿ ಎಂಬಾಕೆ ಕರೆ ಮಾಡಿದಳು. ಅವಳ ತಾಯಿ ಗೋವಿಂದಮ್ಮಾಳ್‌ಗೆ ಎಂಬತ್ತರ ಮೇಲೆ ವಯಸ್ಸು, ನೆನಪು ಅಳಿಯುತ್ತಿತ್ತು. ತಮಿಳು ಮರೆತು ಚಿಕ್ಕಂದಿನ ಕನ್ನಡವೊಂದೇ ಉಳಿದಿತ್ತು; ಮಗಳಿಗೆ ಅದು ಅರೆಬರೆ ಮಾತ್ರ ತಿಳಿಯುತ್ತಿತ್ತು. ದಿನವೂ ತಲೆಯಡಿಯ ಫೋಮ್ ದಿಂಬನ್ನು ಎತ್ತಿ ಎಸೆದು ಏನನ್ನೋ ಕೇಳುತ್ತಿದ್ದರು.

"ಬೂರ್ಗ ಬೂರ್ಗ ಅಂತಿದ್ರು. ಅದೇನಂತ ನನಗೆ ತಿಳೀಲಿಲ್ಲ. ಕೇಳಿಸಿದ ಹಂಗೇ ಫೋನಲ್ಲಿ ಬರೆದೆ. ಬೇರೆ ಯಾರದೂ ಬರಲಿಲ್ಲ, ನಿಮ್ಮದೊಂದೇ ಬಂತು" ಎಂದಳು ತೇನ್‌ಮೊಳಿ.

ಆ ಮಾತನ್ನು ಬರೆದ ಅಂಗಡಿ ಇನ್ನೊಂದಿರಲಿಲ್ಲ. ಜೆಯಂತಿ ಫೋನನ್ನು ಮಾವನ ಕೈಗೆ ಕೊಟ್ಟಳು. ಅಯ್ಯಾವು ಕೇಳಿದ್ದು ಒಂದೇ: "ನಿಮ್ಮವ್ವ ಮಗ್ಗುಲಾಗಿ ಮಲಗ್ತಾರಾ, ಅಂಗಾತಾನಾ?"

ಕೊರಿಯರ್‌ನಲ್ಲಿ ಕಳಿಸೋಣ ಎಂದರೆ ಅವರು ಒಪ್ಪಲಿಲ್ಲ. ಎರಡು ದಿನ ಕೂತು ತಾವೇ ತುಂಬಿ ಹೊಲಿದರು. ಸೊಸೆಯೊಡನೆ ಬಸ್ಸು ಹತ್ತಿದರು. ದಿಂಡಿಗಲ್ ತನಕ ದಿಂಬು ಅವರ ತೊಡೆಯ ಮೇಲೆಯೇ ಇತ್ತು.

ಗೋವಿಂದಮ್ಮಾಳ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತೇನ್‌ಮೊಳಿ ತಾಯಿಯ ತಲೆ ಎತ್ತಿ ಹಿಡಿದಳು, ಜೆಯಂತಿ ದಿಂಬು ಇಟ್ಟಳು. ಮುದುಕಿ ಕೆನ್ನೆಯನ್ನು ಅದರ ಮೇಲೆ ಒಂದೆರಡು ಸಲ ಉಜ್ಜಿದರು. ಬಟ್ಟೆಯನ್ನು ಮೂಸಿದರು. ಆಮೇಲೆ ಈ ಕಡೆ ತಿರುಗಿ ಅಯ್ಯಾವು ಅವರನ್ನು ದಿಟ್ಟಿಸಿದರು.

"ಯಾವೂರಪ್ಪಾ?"

"ತೇವಾರಂ ಅವ್ವಾ."

"ಬಿಸ್ಲಲ್ಲಿ ಬಂದಿದೀಯ. ನೀರು ಕುಡಿದ್ಯಾ?"

ತಾಯಿ ಇಷ್ಟು ಕೂಡಿಸಿ ಮಾತಾಡಿ ತಿಂಗಳುಗಳೇ ಆಗಿದ್ದವು. ತೇನ್‌ಮೊಳಿ ನೀರು ತರಲು ಹೋದವಳು ಅಡಿಗೆಮನೆಯಲ್ಲಿ ಅಳುತ್ತ ನಿಂತಳು. ಜೆಯಂತಿಯೇ ಹೋಗಿ ಚೊಂಬು ತಂದಳು. ಅಯ್ಯಾವು ಮಂಚದ ಪಕ್ಕ ಕೂತು ಮಳೆ, ರಾಗಿ, ಹಸು ಎಂದು ಹೇಳುತ್ತಿದ್ದರು. ಗೋವಿಂದಮ್ಮಾಳ್ ಹೂಂ ಹೂಂ ಎನ್ನುತ್ತ ಕಣ್ಣು ಮುಚ್ಚಿದರು. ಅವರಿಗೆ ನಿದ್ದೆ ಹತ್ತಿದ ಮೇಲೂ ಸ್ವಲ್ಪ ಹೊತ್ತು ಅಯ್ಯಾವು ಮಾತು ನಿಲ್ಲಿಸಲಿಲ್ಲ.

ತೇನ್‌ಮೊಳಿ ಅಂಗಡಿಯ ಪೇಜಿನಲ್ಲಿ ನಡೆದದ್ದನ್ನು ಬರೆದಳು. ಅದನ್ನು ಓದಿ ದಿಂಡಿಗಲ್ ಕಡೆಯ ಇನ್ನೂ ನಾಲ್ಕಾರು ಮನೆಯವರು ವಿಚಾರಿಸಿದರು. ಅಂಗಡಿ ದೊಡ್ಡದಾಗಲಿಲ್ಲ. ಕಾಯಿ ಒಡೆಯಲು ಒಬ್ಬ ಹೆಂಗಸನ್ನು ಇಟ್ಟುಕೊಳ್ಳುವಷ್ಟು ಕೆಲಸ ಬಂತು. ಅಯ್ಯಾವು ಅವಳಿಗೆ ಕೆಲಸ ಹೇಳಿಕೊಡುತ್ತ, ಬೈಯುತ್ತ, ಮತ್ತೆ ಸಮಾಧಾನ ಮಾಡುತ್ತ ದಿನವಿಡೀ ಮಾತಾಡುತ್ತಾರೆ.

ಮೊನ್ನೆ ತೇನ್‌ಮೊಳಿ ಮತ್ತೆ ಕರೆ ಮಾಡಿದ್ದಳು. ಅಮ್ಮ ಇನ್ನಷ್ಟು ಸೊರಗಿದ್ದಾರೆ, ದಿಂಬು ಈಗ ಕೊಂಚ ಎತ್ತರವಾಗುತ್ತಿದೆ ಎಂದಳು.

"ಒಂದ್ ಹಿಡಿ ಹತ್ತಿ ತೆಗೆದ್ರೆ ಆಯ್ತು, ಅಲ್ಲೇ ತೆಗೀರಿ ಅಂತ ಹೇಳ್ಲಾ ಮಾವ?" ಎಂದು ಜೆಯಂತಿ ಕೇಳಿದಳು.

"ಅವರ್ ಕೈಲಿ ಆಗಲ್ಲ" ಎಂದು ಅಯ್ಯಾವು ಸೂಜಿದಾರವನ್ನು ಚೀಲಕ್ಕೆ ಹಾಕಿದರು. "ಬೆಳಿಗ್ಗೆ ದಿಂಡಿಗಲ್ ಬಸ್ಸು ಎಷ್ಟೊತ್ತಿಗದೆ, ನೋಡು."