ಟೂವಾಂಗಿನಲ್ಲಿ ಒಂದು ನವೆಂಬರ್

ಪರ್ತ್‌ನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಒಡತಿ ಡಾಟ್ ಮೊದಲ ದಿನವೇ ನನ್ನನ್ನು ಹಿತ್ತಿಲಿಗೆ ಕರೆದೊಯ್ದಳು. ಸಮುದ್ರದ ದಿಕ್ಕಿಗೆ ಕೈ ತೋರಿಸಿ, ನಿಮ್ಮ ದೇಶ ಅಲ್ಲೇ ಇದೆ, ಹತ್ತಿರ, ಎಂದಳು. ಆಮೇಲೆ ಬೆನ್ನ ಹಿಂದಕ್ಕೆ ಬೆರಳು ಮಾಡಿ, ನಮ್ಮನ್ನು ಆಳುವವರು ಆ ಕಡೆ ಪೂರ್ವದಲ್ಲಿದ್ದಾರೆ, ಬಲು ದೂರ, ಎಂದಳು. 1979ರ ಮಾರ್ಚ್ 11, ಭಾನುವಾರ. ಅವಳು ‘ಪೂರ್ವದವರು’ ಎಂದು ಬೈದದ್ದನ್ನು ಆ ವಾರ ಡೈರಿಯಲ್ಲಿ ಗೀಟು ಹಾಕಿ ಎಣಿಸಿದೆ: ಹನ್ನೊಂದು ಸಲ. ಪಶ್ಚಿಮ ಆಸ್ಟ್ರೇಲಿಯಾ ಬೇರೆ ದೇಶವೇ ಆಗಿಬಿಡಲೆಂದು ಅವಳ ಅಪ್ಪ ಅಮ್ಮ ಒಂದು ಕಾಲಕ್ಕೆ ವೋಟು ಹಾಕಿದ್ದರಂತೆ. ಗೆದ್ದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ.

ನನಗೆ ನಗು ಬಂದಿತ್ತು. ಒಂದೇ ಭಾಷೆ, ಒಂದೇ ದೇವರು, ಒಂದೇ ಬಗೆಯ ಬ್ರೆಡ್ಡು. ಇವರಿಗೆಂಥ ಜಗಳ? ಮೈಸೂರಿನಲ್ಲಿ ಬೆಳೆದ ನನಗೆ ರಾಜ್ಯ ಎಂದರೆ ಸೇರುತ್ತಾ ದೊಡ್ಡದಾಗುವ ವಸ್ತು. ಹರಿದು ಹಂಚಿಹೋಗಿದ್ದ ನಾಡು ಒಂದಾಯಿತು ಎಂದು ಶಾಲೆಯಲ್ಲಿ ಕಲಿತವಳು ನಾನು.

ಮರುವರ್ಷದ ಜನವರಿಯಲ್ಲಿ ನನ್ನ ಗಂಡ ಶಶಿಗೆ ಬ್ರಿಸ್ಬೇನ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಟೂವಾಂಗ್ ಎಂಬ ಬಡಾವಣೆಯಲ್ಲಿ ಮರದ ಕಂಬಗಳ ಮೇಲೆ ನಿಂತ ಮನೆ. ಮನೆಯ ಕೆಳಗೇ ಬಟ್ಟೆ ಒಗೆದು ಒಣಗಿಸಬಹುದು. ನಮ್ಮಲ್ಲಿ ಮಳೆಗಾಲಕ್ಕೆ ಇಂಥದೊಂದು ಇದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅಮ್ಮನಿಗೆ ಬರೆದೆ. ಪಕ್ಕದ ಇಂಡೂರೂಪಿಲ್ಲಿಯ ದೊಡ್ಡ ಅಂಗಡಿಗಳಲ್ಲಿ ತೊಗರಿಬೇಳೆ ಇರಲಿಲ್ಲ. ಒಣ ಬಟಾಣಿ ಬೇಳೆಯಲ್ಲಿ ಸಾರು ಮಾಡಿದೆ. ಮೂರನೆಯ ಸಲಕ್ಕೆ ಅದು ಸಾರಿನಂತಾಯಿತು. ‘ಆರ್ವೋ’ ಎಂದರೆ ಮಧ್ಯಾಹ್ನ, ‘ಸರ್ವೋ’ ಎಂದರೆ ಪೆಟ್ರೋಲ್ ಬಂಕ್ ಎಂದು ಕಲಿತೆ. ಶಶಿಗೆ ರಾತ್ರಿಪಾಳಿ ಇದ್ದ ವಾರಗಳಲ್ಲಿ ಮಾತ್ರ ಯಾರೊಂದಿಗೂ ಕನ್ನಡ ಆಡದೆ ದಿನಗಳು ಕಳೆಯುತ್ತಿದ್ದವು. ಅಂಥ ದಿನಗಳಿಗೆ ಡೈರಿಯ ಮೂಲೆಯಲ್ಲಿ ಸೊನ್ನೆ ಹಾಕುತ್ತಿದ್ದೆ.

ಸೊನ್ನೆಗಳು ನಿಂತದ್ದು ಬೋಪಯ್ಯ ಅಂಕಲ್ ಸಿಕ್ಕ ಮೇಲೆ. ಶಶಿಯ ಆಸ್ಪತ್ರೆಯಲ್ಲೇ ಹಿರಿಯ ವೈದ್ಯರು, ಕೊಡಗಿನವರು. ಇಲ್ಲಿನ ಡಾಕ್ಟರುಗಳಂತೆ ಅರ್ಧ ಚಡ್ಡಿ, ಮೊಣಕಾಲವರೆಗೆ ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋಗುವವರು. ನಾನು ಹುಟ್ಟಿದ್ದು ಮಡಿಕೇರಿಯಲ್ಲಿ ಎಂದಾಗ ಕುರ್ಚಿಯಿಂದ ಎದ್ದೇ ನಿಂತರು.

‘ಪೊನ್ನಮ್ಮ, ಬಾ ಇಲ್ಲಿ. ಮಡಿಕೇರಿ ಹುಡುಗಿ ಸಿಕ್ಬಿಟ್ಲು.’

ಅಂದಿನಿಂದ ಪ್ರತಿ ಶುಕ್ರವಾರ ರಾತ್ರಿ ಅವರ ಮನೆಯಲ್ಲೇ ನಮ್ಮ ಊಟ. ಅವರಿಗೆ ಹಂದಿ ಮಾಂಸದ ಸಾರು, ನಮಗೆ ಬೇರೆ ಪಾತ್ರೆಯಲ್ಲಿ ಹುರುಳಿಕಾಯಿ ಪಲ್ಯ. ಎರಡಕ್ಕೂ ಜೊತೆಯಾಗಿ ಕಡಂಬುಟ್ಟು ಎಂಬ ಅಕ್ಕಿತರಿಯ ಉಂಡೆ. ಅವರ ಹನ್ನೆರಡು ವರ್ಷದ ಮಗಳು ಕಾವೇರಿಗೆ ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ನನ್ನ ಅಪ್ಪ ಅಮ್ಮ ಮಡಿಕೇರಿಗೆ ಹೇಗೆ ಬಂದಿದ್ದರೆಂದು ಅಂಕಲ್ ಕೇಳಲಿಲ್ಲ. ನನಗೂ ಹೇಳಬೇಕೆನಿಸಲಿಲ್ಲ. ಆ ದೇಶದಲ್ಲಿ ನಮಗೆ ಹಿರಿಯರೆಂದಿದ್ದವರು ಅವರಿಬ್ಬರೇ.

1981ರ ನವೆಂಬರ್ ಒಂದು ಭಾನುವಾರ ಬಿದ್ದಿತ್ತು. ರಜೆ ಕೇಳಬೇಕಾಗಿಲ್ಲ, ಈ ಸಲ ರಾಜ್ಯೋತ್ಸವ ಮಾಡೋಣ ಎಂದು ಊರಲ್ಲಿದ್ದ ಏಳು ಕನ್ನಡದ ಕುಟುಂಬಗಳು ತೀರ್ಮಾನಿಸಿದವು. ಅದರಲ್ಲಿ ಧಾರವಾಡದವರಿದ್ದರು, ಮಂಗಳೂರಿನ ಕ್ರೈಸ್ತರಿದ್ದರು, ಗುಲ್ಬರ್ಗದ ಮುಸ್ಲಿಂ ಕಣ್ಣಿನ ಡಾಕ್ಟರಿದ್ದರು. ಅಚ್ಚುಕಟ್ಟಿನವಳೆಂದು ಏರ್ಪಾಡು ನನಗೆ ಬಂತು. ದೀಪ ಹಚ್ಚುವುದು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಎಲ್ಲರಿಗಿಂತ ಹಿರಿಯರು ಬೋಪಯ್ಯ ಅಂಕಲ್.

ಅಕ್ಟೋಬರ್ 9ರ ಶುಕ್ರವಾರ ಊಟವಾದ ಮೇಲೆ ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

‘ಆ ಭಾನುವಾರ ನನಗೆ ಡ್ಯೂಟಿ ಇದೆಯಮ್ಮ.’

ಡ್ಯೂಟಿ ಇಲ್ಲವೆಂದು ಶಶಿಯಿಂದ ಮೊದಲೇ ತಿಳಿದುಕೊಂಡಿದ್ದೆ. ಪೊನ್ನಮ್ಮ ಆಂಟಿ ಗಂಡನ ಮುಖ ನೋಡಿದರು. ‘ಯಾಕೆ ಸುಳ್ಳು? ಹುಡುಗಿಗೆ ಗೊತ್ತಿಲ್ಲ. ಹೇಳಿ.’

ಅವರು ನಿಧಾನವಾಗಿ ಹೇಳಿದರು. 1956ರ ನವೆಂಬರ್ ಒಂದಕ್ಕೆ ಮೊದಲು ಕೊಡಗು ತನ್ನದೇ ವಿಧಾನಸಭೆ, ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯ. ಅವರ ತಂದೆ ಮಡಿಕೇರಿಯಲ್ಲಿ ಆ ಸಭೆಯ ಕಚೇರಿಯ ಗುಮಾಸ್ತರು. ಯಾರಿಗಾದರೂ ರಸ್ತೆ ಬೇಕೆಂದರೆ ಬೆಳಿಗ್ಗೆ ಮಂತ್ರಿಯ ಮನೆಗೆ ನಡೆದುಹೋಗಿ ಕೇಳಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಿತ್ತಂತೆ. ಆ ದಿನ ರಾಜ್ಯ ಮೈಸೂರಿಗೆ ಸೇರಿ ಜಿಲ್ಲೆಯಾಯಿತು. ಸಭೆ ಇಲ್ಲವಾಯಿತು. ಸಣ್ಣ ಕೆಲಸಕ್ಕೂ ಬೆಂಗಳೂರಿನ ಬಸ್ಸು ಹತ್ತಬೇಕಾಯಿತು. ತಂದೆಯನ್ನು ರಾಯಚೂರಿನ ಕಡೆಗೆ ವರ್ಗ ಮಾಡಿದರು. ಜೀವನದಲ್ಲಿ ಮೊದಲ ಸಲ ಬಯಲುಸೀಮೆಯ ಬಿಸಿಲು ಕಂಡ ಅವರು ನಿವೃತ್ತಿಯವರೆಗೂ ಒಳ್ಳೆಯ ನಿದ್ದೆ ಮಾಡಲಿಲ್ಲವಂತೆ.

‘ಅದರಿಂದ ಒಳ್ಳೇದೂ ಆಯ್ತು, ಅದನ್ನೂ ಹೇಳಿ’ ಎಂದರು ಆಂಟಿ. ‘ಮಾವನಿಗೆ ಕುರ್ಚಿ ಹೋಯ್ತು, ನಮಗೆ ಮೈಸೂರಿಂದ ಸೈನ್ಸ್ ಟೀಚರ್ ಬಂದ್ರು. ಅವರಿಲ್ದಿದ್ರೆ ನಾನು ನರ್ಸಿಂಗ್ ಓದ್ತಿರ್ಲಿಲ್ಲ, ಇವರನ್ನ ಕಟ್ಕೊಳ್ತಾನೂ ಇರ್ಲಿಲ್ಲ.’

‘ನೋಡಮ್ಮ, ವಿಲೀನದಿಂದ ನನಗಾದ ಇನ್ನೊಂದು ನಷ್ಟ.’

ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅಂಕಲ್ ಹೇಳಿದರು, ‘ಮೈಸೂರಿಂದ ಬಂದ ಆಫೀಸರು ಕೆಟ್ಟವರಾಗಿದ್ರೆ ಅಪ್ಪ ಜಗಳ ಆಡ್ತಿದ್ರು. ಎಲ್ಲಾ ಒಳ್ಳೆಯವರೇ. ಕಾಫಿ ಕೊಟ್ಟು ಕೂರಿಸಿ, ಅಪ್ಪನ ಟೇಬಲ್ ಯಾವುದು ಅಂತ ಕೇಳಿ, ಅದನ್ನ ತಗೊಂಡ್ರಂತೆ.’

ಸುಮ್ಮನಿದ್ದರೆ ಮುಂದಿನ ಶುಕ್ರವಾರದಿಂದ ಅವರ ಮನೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ತಿಳಿಯಿತು.

‘ಅಂಕಲ್, ನಮ್ಮಪ್ಪ ಹಾಗೆ ಬಂದವರೇ. ಆ ಡಿಸೆಂಬರಿನಲ್ಲಿ ಮಡಿಕೇರಿಗೆ ವರ್ಗ ಆಯ್ತು. ಮರುವರ್ಷ ನಾನು ಹುಟ್ಟಿದೆ.’

ನಮ್ಮ ಮನೆಯಲ್ಲಿ ಮಡಿಕೇರಿಯ ಆ ನಾಲ್ಕು ವರ್ಷ ಎಂದರೆ ಮಂಜು, ಕಿತ್ತಳೆಹಣ್ಣು, ಅಪ್ಪ ಸ್ವೆಟರ್ ಹಾಕಿಕೊಂಡ ಫೋಟೊ. ಅಮ್ಮ ಇಂದಿಗೂ ಅದನ್ನು ತನ್ನ ಅತಿ ಸುಖದ ಕಾಲವೆನ್ನುತ್ತಾಳೆ. ಅಂಕಲ್ ಕಾಫಿ ಲೋಟಗಳನ್ನು ಎತ್ತಿಕೊಂಡು ಎದ್ದರು. ಹೊತ್ತಾಯಿತು, ಹುಷಾರಾಗಿ ಹೋಗಿ ಎಂದರು.

ಮುಂದಿನ ಮೂರು ಶುಕ್ರವಾರ ಅಲ್ಲಿಂದ ಫೋನು ಬರಲಿಲ್ಲ, ನಾವೂ ಹೋಗಲಿಲ್ಲ. ತಾರೀಕು ಬದಲಿಸಿದರೆ ಏನೆಂದು ಶಶಿಯನ್ನು ಕೇಳಿದೆ. ಬದಲಿಸಿದರೆ ಕಾರಣ ಹೇಳಬೇಕಾಗುತ್ತದೆ, ಅವರ ನೋವನ್ನು ಏಳು ಮನೆಗೆ ಹಂಚಿದಂತಾಗುತ್ತದೆ ಎಂದ ಅವನು. ಅದೂ ಸರಿಯೇ. ದೀಪ ಹಚ್ಚಲು ಧಾರವಾಡದವರನ್ನು ಕೇಳಿಟ್ಟೆ.

ಭಾನುವಾರ ಹನ್ನೊಂದಕ್ಕೆ ಇಂಡೂರೂಪಿಲ್ಲಿಯ ಬಾಡಿಗೆ ಹಾಲಿನಲ್ಲಿ ಎಲ್ಲರೂ ಸೇರಿದೆವು. ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ. ಇನ್ನೇನು ಶುರು ಮಾಡಬೇಕು ಎನ್ನುವಾಗ ಅಂಕಲ್ ಬಂದರು. ಚಡ್ಡಿ, ಕಾಲುಚೀಲ ಇಲ್ಲ. ಬ್ರಿಸ್ಬೇನಿನ ಆ ಸೆಕೆಯಲ್ಲಿ ಹಬ್ಬಕ್ಕೆ ತೊಡುವ ಉದ್ದನೆಯ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆ ಬಿಗಿದು ಬಂದಿದ್ದರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಹಿಂದೆ ಆಂಟಿ, ಕೊಡವರ ರೀತಿಯಲ್ಲಿ ಸೀರೆ ಉಟ್ಟು. ಕಾವೇರಿಯ ಕೈಯಲ್ಲಿ ಕಡಂಬುಟ್ಟಿನ ಪಾತ್ರೆ.

ಧಾರವಾಡದವರು ತಾವಾಗಿಯೇ ಬೆಂಕಿಪೊಟ್ಟಣ ಚಾಚಿದರು. ಅಂಕಲ್ ತೆಗೆದುಕೊಳ್ಳಲಿಲ್ಲ. ಎರಡು ಮಾತಾಡುತ್ತೇನೆ ಎಂದು ಎದ್ದು ನಿಂತರು.

‘ಇದು ನಿಮಗೆಲ್ಲ ಮನೆ ಸಿಕ್ಕಿದ ದಿನ. ನಮಗೆ ಆ ಮನೆಯಲ್ಲಿ ಒಂದು ಕೋಣೆ ಸಿಕ್ಕಿದ ದಿನ. ಕೋಣೆ ಚೆನ್ನಾಗೇ ಇದೆ, ದೂರಿಲ್ಲ. ಆದ್ರೆ ಮೊದಲು ಅದೇ ಒಂದು ಮನೆಯಾಗಿತ್ತು. ಅಷ್ಟು ಹೇಳೋಕೆ ಬಂದೆ.’

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವ ಮಾತೂ ಅದಾಗಿರಲಿಲ್ಲ. ಗುಲ್ಬರ್ಗದ ಡಾಕ್ಟರು ಮಾತ್ರ, ನಮ್ಮೂರಿಗೂ ನಿಜಾಮರ ಕಾಲದ್ದೊಂದು ಕಥೆ ಇದೆ, ಊಟವಾದ ಮೇಲೆ ಹೇಳುತ್ತೇನೆ ಎಂದರು. ಅಂಕಲ್ ನನ್ನ ಕಡೆ ತಿರುಗಿದರು.

‘ದೀಪ ನೀನು ಹಚ್ಚು, ಆಫೀಸರ ಮಗಳೇ. ಇಲ್ಲಿರೋರಲ್ಲಿ ಎರಡೂ ಕಡೆಗೆ ಸೇರಿದವಳು ನೀನೊಬ್ಬಳೇ.’

ಹಚ್ಚಿದೆ. ಮೊದಲ ಕಡ್ಡಿ ಆರಿಹೋಯಿತು. ಎರಡನೆಯದಕ್ಕೆ ಆಂಟಿ ಅಂಗೈ ಅಡ್ಡ ಹಿಡಿದರು.

ಈಗ ನಾವು ಅಡಿಲೇಡಿನ ಉತ್ತರಕ್ಕೆ ಸ್ಯಾಲಿಸ್‌ಬರಿಯಲ್ಲಿದ್ದೇವೆ. ಸುತ್ತ ಕಾರ್ಖಾನೆಗಳು, ಒಣ ಗಾಳಿ, ಒಳ್ಳೆಯ ಅಕ್ಕಪಕ್ಕದವರು. ಇಲ್ಲಿನ ಗಡಿಯಾರ ಚಳಿಗಾಲದಲ್ಲಿ ಬ್ರಿಸ್ಬೇನಿಗಿಂತ ಅರ್ಧ ಗಂಟೆ ಹಿಂದೆ, ಬೇಸಿಗೆಯಲ್ಲಿ ಅರ್ಧ ಗಂಟೆ ಮುಂದೆ. ಒಂದೊಂದು ರಾಜ್ಯವೂ ತನ್ನ ಸಮಯವನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಈಗ ನನಗೆ ಇದು ವಿಚಿತ್ರವೆನಿಸುವುದಿಲ್ಲ. ಡಾಟ್‌ಗೆ ಅದನ್ನು ಬರೆದು ತಿಳಿಸಿದೆ.

ಈ ವರ್ಷ, 1982ರ ನವೆಂಬರ್ ಒಂದು, ಸೋಮವಾರ ಸಂಜೆ ಅಂಕಲ್‌ಗೆ ಫೋನ್ ಮಾಡಿದೆ. ಶುಭಾಶಯ ಹೇಳುವುದೋ ಬೇಡವೋ ತಿಳಿಯದೆ ಹವೆಯ ಬಗ್ಗೆ, ಕಾವೇರಿಯ ಪರೀಕ್ಷೆಯ ಬಗ್ಗೆ, ಅವರ ಸುಗ್ಗಿ ಹಬ್ಬವಾದ ಪುತ್ತರಿ ಈ ಸಲ ಯಾವಾಗ ಎಂಬ ಬಗ್ಗೆ ಮಾತಾಡಿದೆ.

‘ಸುಮ್ನೆ ಒದ್ದಾಡ್ಬೇಡ, ಹೇಳ್ಬಿಡು’ ಎಂದರು ಅವರು. ಹೇಳಿದೆ. ‘ನಿಮ್ಮಪ್ಪನಿಗೆ ಬರೆಯೋವಾಗ ನಂದೂ ಒಂದು ಮಾತು ಸೇರಿಸು. ಮಡಿಕೇರೀನ ಚೆನ್ನಾಗಿ ನೋಡ್ಕೊಂಡ್ರು ಅಂತ.’

ಅದನ್ನು ಇನ್ನೂ ಬರೆದಿಲ್ಲ. ಓದಿದರೆ ಅಪ್ಪ ಖಂಡಿತ ಕೇಳುತ್ತಾರೆ, ಇದು ಹೊಗಳಿಕೆಯೇ ಎಂದು. ಮೈಸೂರಿನವಳಾಗಿ ನನ್ನ ಬಳಿ ಒಂದು ಉತ್ತರ ಇದೆ. ಮಡಿಕೇರಿಯಲ್ಲಿ ಹುಟ್ಟಿದವಳಾಗಿ ಇನ್ನೊಂದಿದೆ.